ಸಿಮೆಂಟಿನ ಬಂಡೆ, ಫ್ಯಾನಿನ ಗಾಳಿ: ಎರಡಡಿ ರೀಫ್ ಟ್ಯಾಂಕಿನ ಲೆಕ್ಕ

ಐವತ್ತು ಸಾವಿರ ಕೈಯಲ್ಲಿಲ್ಲದಿದ್ದರೆ ಬೆಂಗಳೂರಲ್ಲಿ ರೀಫ್ (ಹವಳದಂಥ ಜೀವಿಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮಾತೇ ಆಡಬೇಡ ಅಂದವರಿದ್ದರು. ಸಿಮೆಂಟಿನ ಬಂಡೆ ಹಾಕಿದರೆ ಮೀನು ಸುಣ್ಣದಲ್ಲಿ ಬೆಂದುಹೋಗುತ್ತೆ ಅಂತ ನಕ್ಕವರೂ ಇದ್ದರು. ಈಗ ಹದಿನಾಲ್ಕು ತಿಂಗಳಾಯಿತು. ಅದೇ ಬಂಡೆಯ ಮೇಲೆ ನೇರಳೆ ಕೋರಲೈನ್ ಪಾಚಿ ರೂಪಾಯಿ ನಾಣ್ಯದಗಲ ಮಚ್ಚೆ ಮಚ್ಚೆಯಾಗಿ ಹರಡಿದೆ. ಹನ್ನೆರಡು ಮೊಗ್ಗಿದ್ದ ಜೋವಾಂಥಿಡ್ (ಹೂವಿನಂತೆ ಅರಳುವ, ಹವಳದ ಬಂಧುವಾದ ಮೆತ್ತನೆ ಜೀವಿ) ಈಗ ಎಣಿಕೆಗೆ ಸಿಗುತ್ತಿಲ್ಲ. ನೀರು ತಂಪು ಮಾಡುವ ಚಿಲ್ಲರ್ ಇಲ್ಲ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇಲ್ಲ. ಒಟ್ಟು ಖರ್ಚು ಇಪ್ಪತ್ಮೂರು ಸಾವಿರದ ಆಸುಪಾಸು, ಅದರಲ್ಲಿ ಮೂರು ಸಾವಿರ ತಪ್ಪಿಗೆ ತೆತ್ತ ದಂಡ.

ಟ್ಯಾಂಕ್ 24×14×14 ಇಂಚು. ಅಳತೆಯ ಲೆಕ್ಕಕ್ಕೆ 77 ಲೀಟರ್. ಬಂಡೆ, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು 60 ಲೀಟರ್.

ಮೊದಲು ಬಂಡೆಯ ವಿಚಾರ, ಏಕೆಂದರೆ ದುಡ್ಡು ಉಳಿದದ್ದೂ ಕಳೆದದ್ದೂ ಅಲ್ಲೇ. ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಸಮುದ್ರ ಬೀಸಣಿಗೆಯೂ ಅಷ್ಟೇ, ಕಡಲಕುದುರೆಯೂ ಅಷ್ಟೇ. ಹವಳದ ತುಂಡನ್ನು 'ಲೈವ್ ರಾಕ್' (ಬ್ಯಾಕ್ಟೀರಿಯಾ ಮನೆಮಾಡಿದ ಸಮುದ್ರದ ಬಂಡೆ) ಅಂತ ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ. ಅದಕ್ಕೇ ಸಿಮೆಂಟಿನ ಬಂಡೆ. ನನ್ನ ಮಿಶ್ರಣ: ಬಿಳಿ ಸಿಮೆಂಟ್ ಒಂದು ಪಾಲು, ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು ಮೂರು ಪಾಲು, ಕಲ್ಲುಪ್ಪು ಒಂದೂವರೆ ಪಾಲು. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಇಳಿಯಬಾರದು. ವಾಲ್ ಪುಟ್ಟಿ ತರಬೇಡಿ, ಅದರಲ್ಲಿ ಪಾಲಿಮರ್ ಇರುತ್ತೆ. ಟಬ್ಬಿನಲ್ಲಿ ಒದ್ದೆ ಮರಳು ತುಂಬಿ, ಗುಳಿ ತೋಡಿ, ಅದರೊಳಗೆ ಸುರಿಯುವುದು. ಎರಡು ದಿನ ಒದ್ದೆ ಗೋಣಿ ಮುಚ್ಚಿಟ್ಟು ಆಮೇಲೆ ನೀರಿಗೆ. ಉಪ್ಪು ಕರಗಿದ ಕಡೆಯೆಲ್ಲ ತೂತು ಬೀಳುತ್ತೆ, ಬ್ಯಾಕ್ಟೀರಿಯಾ ಮನೆ ಮಾಡುವುದು ಅಲ್ಲೇ. ಮಿಶ್ರಣಕ್ಕೆ ಇನ್ನೊಂದು ವಸ್ತು ಚೂರು ಸೇರಿಸುತ್ತೇನೆ. ಅದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲ ಬಾರಿ ಮೂರೇ ವಾರ ನೆನೆಸಿ ಟ್ಯಾಂಕಿಗಿಳಿಸಿದೆ. ಸಿಮೆಂಟಿನ ಸುಣ್ಣ ಇನ್ನೂ ಬಿಡುತ್ತಲೇ ಇತ್ತು. ಪಿಎಚ್ ಒಂಬತ್ತು ದಾಟಿತು, ನೀರು ಮಜ್ಜಿಗೆಯ ಹಾಗಾಯಿತು, ಪಂಪಿನ ರೋಟರ್‌ಗೆ ಬಿಳಿ ಪೊರೆ ಕಟ್ಟಿ ನಿಂತೇ ಹೋಯಿತು. ಮೀನು ಇನ್ನೂ ಬಿಟ್ಟಿರಲಿಲ್ಲ, ಆದರೆ ಎರಡು ಕಿಲೋ ಮೇಲ್ಪಟ್ಟು ಉಪ್ಪು ಚರಂಡಿಪಾಲು. ಈಗ ಕನಿಷ್ಠ ಎಂಟು ವಾರ, ಎರಡು ದಿನಕ್ಕೊಮ್ಮೆ ನೀರು ಬದಲು. ಕೊನೆಯಲ್ಲಿ ಬದಲಿಸಿ ತೆಗೆದ ಹಳೇ ಉಪ್ಪುನೀರಲ್ಲಿ ಮೂರು ದಿನ ಇಟ್ಟು ನೋಡುವುದು. ಪಿಎಚ್ 8.4 ದಾಟದಿದ್ದರೆ ಪಾಸು. ಬರೀ ಆರ್‌ಓ ನೀರಲ್ಲಿ ಈ ಪರೀಕ್ಷೆ ಮಾಡಬೇಡಿ; ಪಿಎಚ್ ಏರಿಳಿತ ತಡೆಯುವ ಬಫರ್ ಇಲ್ಲದ ನೀರು, ಚೂರು ಸುಣ್ಣಕ್ಕೇ ಮೀಟರ್ ಕುಣಿಯುತ್ತೆ.

ನೀರು ಮನೆಯ ಆರ್‌ಓದೇ. ರುಚಿಗೆ ಅಂತ ಕೊಟ್ಟಿರುವ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ತಿರುಪನ್ನು ಪೂರ್ತಿ ಮುಚ್ಚಿದರೂ ಬೋರ್‌ವೆಲ್ ನೀರಿಗೆ 60ರ ಕೆಳಗೆ ಬರಲಿಲ್ಲ. ಕೊನೆಗೊಂದು ಡಿಐ ರೆಸಿನ್ (ಉಳಿದ ಲವಣವನ್ನೂ ಹೀರುವ ಹರಳು) ಕ್ಯಾನಿಸ್ಟರ್, 900 ರೂಪಾಯಿ, ಸೊನ್ನೆಗಿಳಿಯಿತು. ರೆಸಿನ್ ಇಲ್ಲದೆ ನಡೆಸಿದ ಆರು ವಾರ ಗಾಜಿನ ಮೇಲೆ ಕಂದು ಡಯಾಟಮ್ ಪಾಚಿ ಒರೆಸುವುದೇ ಕೆಲಸ. ಲೈನಿನಲ್ಲಿ ಹಿತ್ತಾಳೆ ನಲ್ಲಿ ಇದ್ದರೆ ತೆಗೆದು ಪ್ಲಾಸ್ಟಿಕ್ ಹಾಕಿ. ತಾಮ್ರದ ಸೋಂಕು ತಗುಲಿದರೆ ಬಸವನಹುಳುವೇ ಮೊದಲು ಹೋಗೋದು.

ಉಪ್ಪಿನಂಶವನ್ನು ಸಾವಿರಕ್ಕೆ ಇಷ್ಟು ಅಂತ ಅಳೆಯುವ ರಿಫ್ರಾಕ್ಟೊಮೀಟರನ್ನು ಆರ್‌ಓ ನೀರಿನಲ್ಲಿ ಸೊನ್ನೆಗೆ ಕೂರಿಸಿ ನಂಬಿ ಕೆಟ್ಟೆ. 35 ಅಂತ ತೋರಿಸುತ್ತಿದ್ದದ್ದು ನಿಜಕ್ಕೆ 31. ಅಡುಗೆ ಉಪ್ಪು 36.5 ಗ್ರಾಂ, ಡಿಐ ನೀರು 963.5 ಗ್ರಾಂ ತೂಗಿ ಬೆರೆಸಿ, ಅದು 35 ತೋರುವ ಹಾಗೆ ತಿರುಪು ಹೊಂದಿಸಿ. ಅಡುಗೆ ಉಪ್ಪಿಗೆ ಇಷ್ಟೇ ಕೆಲಸ. ಟ್ಯಾಂಕಿಗೆ ಅದನ್ನೇ ಸುರಿಯಬಹುದಲ್ವಾ ಅನ್ನೋರಿಗೆ: ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಿದೆ? ರೀಫ್ ಉಪ್ಪು ಲೀಟರಿಗೆ 38 ಗ್ರಾಂ ಅಂದಾಜು. ವಾರಕ್ಕೆ ಆರು ಲೀಟರ್ ಬದಲಿಸುತ್ತೇನೆ, ತಿಂಗಳಿಗೆ ಉಪ್ಪಿನ ಖರ್ಚು 250 ರೂಪಾಯಿ ಇರಬಹುದು. ಸ್ಕಿಮ್ಮರ್ ಮಾಡುವ ಕೆಲಸ ಇದರಲ್ಲೇ ಆಗುತ್ತೆ, ಮೀನು ಎರಡೇ ಇದ್ದರೆ.

ಸೈಕಲ್‌ಗೆ, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಲು, ಸಿಗಡಿ ಕೊಳೆಸಿ ವಾಸನೆ ಎಬ್ಬಿಸುವ ಬದಲು ಅಮೋನಿಯಂ ಕ್ಲೋರೈಡ್ ಬಳಸಿದೆ. ಹತ್ತು ಗ್ರಾಂ ಒಂದು ಲೀಟರ್ ನೀರಿಗೆ. ಆ ದ್ರಾವಣ 40 ಎಂಎಲ್ ಹಾಕಿದರೆ 60 ಲೀಟರಿಗೆ ಅಮೋನಿಯಾ ಸರಿಸುಮಾರು 2 ಪಿಪಿಎಂ. ಕಲಾಯಿಯವರ ನವಸಾಗರವೂ ಇದೇ ವಸ್ತು, ಆದರೆ ಅದರ ಶುದ್ಧತೆ ನೆಚ್ಚುವಂಥದ್ದಲ್ಲ, ಲ್ಯಾಬ್ ದರ್ಜೆಯದ್ದೇ ತನ್ನಿ. ಗೆಳೆಯರ ಹಳೇ ಟ್ಯಾಂಕಿನಿಂದ ಒಂದು ಹಿಡಿ ಮರಳು ಬೀಜಕ್ಕೆ. ಹಾಕಿದ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಒಂದೇ ದಿನದಲ್ಲಿ ಸೊನ್ನೆಗಿಳಿಯುವ ಹಂತಕ್ಕೆ ಬರಲು ಐದು ವಾರ ಹಿಡಿಯಿತು.

ಚಿಲ್ಲರ್ ಬದಲಿಗೆ ನಾಲ್ಕಿಂಚಿನ ಎರಡು ಕಂಪ್ಯೂಟರ್ ಫ್ಯಾನ್, ನೀರಿನ ಮೇಲ್ಮೈಗೆ ಓರೆಯಾಗಿ. ಏಪ್ರಿಲಿನಲ್ಲಿ 30ಕ್ಕೇರುತ್ತಿದ್ದ ನೀರು 27ಕ್ಕಿಳಿಯಿತು. ಇದು ಬೆಂಗಳೂರಿನ ಒಣಗಾಳಿಯ ಪುಣ್ಯ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಇಳಿಯುವುದಿಲ್ಲ. ಫ್ಯಾನಿಗೆ ಕೊಡುವ ಬೆಲೆ ನೀರಿನ ರೂಪದಲ್ಲಿ: ದಿನಕ್ಕೆ ಒಂದೂವರೆ ಲೀಟರ್ ಆವಿ. ಎರಡು ದಿನ ಮರೆತರೆ 35 ಇದ್ದ ಉಪ್ಪು 37 ಸಮೀಪ. ಮೇಲೊಂದು ಕ್ಯಾನ್ ಇಟ್ಟು, ಆರ್‌ಓ ಯಂತ್ರದ ಫ್ಲೋಟ್ ವಾಲ್ವ್ ಕಟ್ಟಿ ಸಿಹಿನೀರು ತಾನಾಗಿ ಇಳಿಯುವಂತೆ ಮಾಡಿದೆ. ಒಂದು ರಾತ್ರಿ ಬಸವನಹುಳು ತೇಲುಬುಂಡೆಯ ಮೇಲೆ ಹತ್ತಿ ಕೂತು ಇಡೀ ಕ್ಯಾನ್ ಟ್ಯಾಂಕಿಗಿಳಿಯಿತು, ಉಪ್ಪು 30. ಈಗ ಕ್ಯಾನಿನಲ್ಲಿ ಮೂರು ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ. ಹುಳು ಹತ್ತದ ಹಾಗೆ ಏನು ಮಾಡಿದೆ ಅನ್ನೋದು ಇನ್ನೊಮ್ಮೆ.

ಬೆಳಕು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರು ಎಸ್.ಪಿ. ರಸ್ತೆಯ ಸಾಮಾನು: ಮೂರು ವಾಟಿನ ಎಲ್‌ಇಡಿ, ರಾಯಲ್ ಬ್ಲೂ ಹನ್ನೆರಡು, ಕೂಲ್ ವೈಟ್ ಆರು, ಅಲ್ಯುಮಿನಿಯಂ ಹೀಟ್‌ಸಿಂಕ್, 600 ಮಿಲಿಆಂಪ್ ಡ್ರೈವರ್. 3,200 ಆಯಿತು. ಮೊದಲ ದಿನವೇ ಪೂರ್ತಿ ಹೊತ್ತಿಸಿ ಎರಡು ಮಶ್ರೂಮ್ (ಅಣಬೆಯಾಕಾರದ ಮೆತ್ತನೆ ಹವಳ) ಬಿಳುಚಿದವು. ಮೂವತ್ತು ಶೇಕಡದಿಂದ ಶುರುಮಾಡಿ, ವಾರಕ್ಕೆ ಹತ್ತು ಏರಿಸಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್ಚು) ಇಲ್ಲದ ಲೈನಿಗೆ ಇದನ್ನೆಲ್ಲ ಸಿಕ್ಕಿಸಲೇಬೇಡಿ, ಉಪ್ಪುನೀರು ಪ್ಲಗ್ಗಿನವರೆಗೂ ಹರಿಯುತ್ತೆ.

ಜೋವಾಂಥಿಡ್ ಅಂಟಿಸುವಾಗ ಕೈಗವಸು, ಕನ್ನಡಕ ಎರಡೂ ಬೇಕು. ಅವು ಕೂತ ಕಲ್ಲನ್ನು ಕುದಿಸುವುದಂತೂ ಕೂಡದೇ ಕೂಡದು. ಅವುಗಳ ವಿಷ ಪಾಲಿಟಾಕ್ಸಿನ್ ಹಬೆಯಲ್ಲಿ ಬಂದರೆ ಆಸ್ಪತ್ರೆಯೇ ಗತಿ.

ಈಗ ನಡೆಯುತ್ತಿರುವ ಪ್ರಯೋಗ ಸುಣ್ಣದ್ದು, ನೀರಿನ ಕ್ಯಾಲ್ಸಿಯಂ, ಕ್ಷಾರತೆ ಕುಗ್ಗದಂತೆ ತುಂಬಲು. ಅಕ್ವೇರಿಯಂಗೆಂದು ಡಬ್ಬಿಯಲ್ಲಿ ಮಾರುವ ಕ್ಯಾಲ್ಕ್ (ಸುಣ್ಣ) ಪುಡಿಯ ಬದಲು ತಾಂಬೂಲದ ಸುಣ್ಣ, ಬಣ್ಣ ಸುವಾಸನೆ ಬೆರೆಸದ್ದು. ಒಂದು ಚಮಚ ಮೂರು ಲೀಟರ್ ಡಿಐ ನೀರಿಗೆ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯಷ್ಟನ್ನೇ ಬಗ್ಗಿಸಿ ಪ್ರತ್ಯೇಕ ಡ್ರಿಪ್ ಸೆಟ್ಟಿನಲ್ಲಿ ಹನಿ ಹನಿಯಾಗಿ ರಾತ್ರಿ ಹೊತ್ತು ಬಿಡುತ್ತೇನೆ. ಫ್ಲೋಟ್ ವಾಲ್ವಿನ ಕ್ಯಾನಿಗೆ ಹಾಕುವ ಧೈರ್ಯ ಆ ಬಸವನಹುಳು ಉಳಿಸಿಲ್ಲ. ಎರಡು ತಿಂಗಳಿಂದ ಕ್ಷಾರತೆ 8 ಡಿಕೆಎಚ್ (ಕ್ಷಾರತೆಯ ಅಳತೆ) ಬಿಟ್ಟು ಕದಲಿಲ್ಲ, ಪಿಎಚ್ ಬೆಳಿಗ್ಗೆ 8.2. ಸುಣ್ಣದ ಡಬ್ಬಿ ಇಪ್ಪತ್ತು ರೂಪಾಯಿ, ಇನ್ನೂ ಮುಕ್ಕಾಲು ಇದೆ.