ಹಳೇ ಚಾವಡಿಗೆ ಮತ್ತೆ ಸುಣ್ಣದ ಗಾರೆ

ಕುಂಬಳೆ ಪೇಟೆಯ ಒಳರಸ್ತೆಗಳಲ್ಲಿ ಇನ್ನೂ ಕೆಲವು ಹಂಚಿನ ಮನೆಗಳು ಉಳಿದಿವೆ. ನಮ್ಮದೂ ಒಂದು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ದಪ್ಪ ಗೋಡೆ, ಎದುರಿಗೆ ಉದ್ದ ಜಗಲಿ, ಒಳಗೆ ಚಾವಡಿ ಅಂದರೆ ನಡುಮನೆ, ಚಾವಡಿಯ ಮೇಲೆ ಹಲಸಿನ ಹಲಗೆಯ ಮುಚ್ಚಿಗೆ. ಕೆಡವಿ ತಾರಸಿ ಮನೆ ಕಟ್ಟಿ ಅಂದವರೇ ಜಾಸ್ತಿ. ನನಗೆ ಮನಸ್ಸಾಗಲಿಲ್ಲ, ರಿಪೇರಿಗೆ ಇಳಿದೆ.

ದೊಡ್ಡ ಕೆಲಸ ಗೋಡೆಯದ್ದು. ಹಿಂದೆ ಯಾವಾಗಲೋ ಹೊರಗೋಡೆಯ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿದಿದ್ದರು. ಮುರಕಲ್ಲಿನ ಮೈಯೆಲ್ಲ ತೂತು, ಮಳೆಗಾಲದಲ್ಲಿ ನೀರು ಹೀರುತ್ತದೆ. ಸುಣ್ಣದ ಗಾರೆಯಾದರೆ ಬಿಸಿಲು ಬಂದಾಗ ಆ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಬಣ್ಣ ಏಳುವುದು, ದಾರಂದದ (ಬಾಗಿಲ ಚೌಕಟ್ಟಿನ) ಬುಡ ಕೊಳೆತು ಕುಂಬಾಗುವುದು ಎಲ್ಲ ಅದರಿಂದಲೇ.

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಸಿಮೆಂಟ್ ಕೆತ್ತಿಸಿದೆ. ಚಿಪ್ಪಿನ ಸುಣ್ಣ ತಂದು ನೀರಲ್ಲಿ ಅರಳಿಸಿ, ಸೋಸಿ, ವಾರಗಟ್ಟಲೆ ಹಾಗೇ ಬಿಟ್ಟೆವು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಜೊತೆಗೆ ಸ್ವಲ್ಪ ಬೆಲ್ಲದ ನೀರು. "ಅವಸರ ಮಾಡ್ಬೇಡಿ ಅಣ್ಣೇರೆ, ಇದು ನಿಧಾನಕ್ಕೆ ಗಟ್ಟಿಯಾಗುವಂಥದ್ದು" ಅಂತ ಮೇಸ್ತ್ರಿ ಮತ್ತೆ ಮತ್ತೆ ಹೇಳುತ್ತಿದ್ದರು. ನಿಜ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟು ದಿನಾ ನೀರು ಚಿಮುಕಿಸಿದೆವು.

ಮುಚ್ಚಿಗೆಗೆ ವಾರ್ನಿಷ್ ಬೇಡ ಅಂದೆ. ಅಡುಗೆಮನೆಯಲ್ಲಿ ಸೌದೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆ ಅಟ್ಟಕ್ಕೆ ಏರಿ ಮರಕ್ಕೆ ಹುಳ ಹತ್ತದಂತೆ ಕಾಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತಲ್ವಾ? ಅದಕ್ಕೆ ಹಂಚು ಹೊರುವ ಮರದ ಪಕ್ಕಾಸಿಗೂ ಹಲಗೆಯ ಮೇಲ್ಬದಿಗೂ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಸಿದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಮಾಡಿನ (ಛಾವಣಿಯ) ಇಳಿಜಾರನ್ನು, ಗೋಡೆಯಿಂದ ಹೊರಗೆ ಚಾಚಿದ ಅಂಚನ್ನು ಮುಟ್ಟಲಿಲ್ಲ. ಇಲ್ಲಿನ ಮಳೆಗೆ ಗೋಡೆ ಉಳಿಯುವುದೇ ಆ ಅಂಚಿನಿಂದ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕಡೆಯ ಮುಳಿಹುಲ್ಲಿನ ಮಾಡುಗಳೆಲ್ಲ ನಿಧಾನಕ್ಕೆ ಹಂಚಿನವಾದವು. ಒಡೆದ ಹಂಚಿಗೆ ಬದಲಿ, ಮನೆ ಕೆಡವುವ ಕಡೆ ಸಿಗುತ್ತದೆ. ಆದರೆ ತಿರುಗಿಸಿ ಅಡಿಯ ಅಚ್ಚು ನೋಡಿ, ಒಂದೇ ಕಂಪೆನಿಯದ್ದನ್ನು ಆರಿಸಿ ತನ್ನಿ. ಬೇರೆ ಬೇರೆ ಅಚ್ಚಿನ ಹಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ.