ಮೈನಸ್ ಹದಿನೈದರಲ್ಲಿ ಪವರ್ ಕೈಟ್: ಹುರುಪು ಇರುವುದು ಬೆರಳಲ್ಲಿ

ಚಳಿಗಾಲದಲ್ಲಿ ಪವರ್ ಕೈಟ್, ಅಂದರೆ ಆಳನ್ನೇ ಎಳೆದೊಯ್ಯುವ ದೊಡ್ಡ ಪಟ, ಹಾರಿಸಲು ಮನಸ್ಸೇ ಏಳುವುದಿಲ್ಲ ಎನ್ನುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಕಾರಿನ ಡಿಕ್ಕಿ ತೆಗೆದ ಗಳಿಗೆಯಿಂದ ಪಟ ಮೇಲೇರುವವರೆಗೆ ಎಷ್ಟು ನಿಮಿಷ ಬರಿಗೈಯಲ್ಲಿ ಇರುತ್ತೀರಿ? ಹನ್ನೆರಡು ನಿಮಿಷ ಎಂದರೆ ಮನಸ್ಸನ್ನು ಬೈದು ಪ್ರಯೋಜನವಿಲ್ಲ. ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹನ್ನೆರಡು ನಿಮಿಷ ಗಂಟು ಬಿಡಿಸಿದ ಬೆರಳು ಮುಂದಿನ ಭಾನುವಾರ ನಿಮ್ಮನ್ನು ಹಾಸಿಗೆಯಿಂದ ಏಳಲು ಬಿಡುವುದಿಲ್ಲ. ಆ ಹನ್ನೆರಡನ್ನು ಎರಡಕ್ಕೆ ಇಳಿಸಿಕೊಂಡಿದ್ದೇನೆ. ಉಳಿದ ಹುರುಪು ತಾನಾಗಿ ಬಂತು.

ನಾನು ಹಾರಿಸುವುದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್‌ನ ಉತ್ತರಕ್ಕಿರುವ ಮಿಲ್ ಲ್ಯಾಕ್ಸ್ ಸರೋವರದ ಮೇಲೆ. 500 ಚದರ ಕಿಲೋಮೀಟರಿಗೂ ಮಿಕ್ಕ ನೀರು ಗಟ್ಟಿಯಾಗಿ ಬಯಲಾಗುತ್ತದೆ. ಮರವಿಲ್ಲ, ಕರೆಂಟ್ ತಂತಿಯಿಲ್ಲ, ಗಾಳಿಗೆ ಅಡ್ಡಿಯಿಲ್ಲ. ಕಾಲಿಗೆ ಸ್ಕೀ, ಸೊಂಟಕ್ಕೆ ಎಳೆತ ಹೊರುವ ಪಟ್ಟಿ, ಅಂದರೆ ಹಾರ್ನೆಸ್, ಕೈಯಲ್ಲಿ ಪಟ ನಡೆಸುವ ಅಡ್ಡಕೋಲು, ಅಂದರೆ ಬಾರ್, 20 ಮೀಟರ್ ದಾರದ ಆಚೆ ತುದಿಯಲ್ಲಿ 6 ಅಥವಾ 9 ಚದರ ಮೀಟರಿನ ಫಾಯಿಲ್ ಪಟ, ಅಂದರೆ ಬಟ್ಟೆಯ ಕೋಶಗಳಿಗೆ ಗಾಳಿ ಹೊಕ್ಕು ಉಬ್ಬುವ ಪಟ. ಗಾಳಿ ತುಂಬುವ ಟ್ಯೂಬ್ ಪಟ ಈ ಚಳಿಗೆ ಆಗಿಬರುವುದಿಲ್ಲ: ಗಾಳಿ ಹಿಡಿಯುವ ಒಳಚೀಲ (ಬ್ಲಾಡರ್) ಬಿರುಸಾಗುತ್ತದೆ, ಪಂಪಿನ ಪೈಪು ಕೋಲಿನಂತಾಗುತ್ತದೆ, ವಾಲ್ವ್ ಬಿರುಕು ಬಿಡುತ್ತದೆ. ಫಾಯಿಲ್‌ನಲ್ಲಿ ಬಟ್ಟೆ ಮತ್ತು ಸೂತ್ರ, ಅಂದರೆ ಪಟಕ್ಕೇ ಕಟ್ಟಿದ ಸಣ್ಣ ದಾರಗಳು, ಬಿಟ್ಟರೆ ಕೆಡುವಂಥದ್ದು ಹೆಚ್ಚೇನೂ ಇಲ್ಲ.

ಮೊದಲು ದಿನದ ಆಯ್ಕೆ. ಅತಿ ಚಳಿಯ ದಿನವೇ ಒಳ್ಳೆಯ ಗಾಳಿಯ ದಿನ ಎಂದುಕೊಂಡು ಹೊರಟರೆ ನಿರಾಸೆ ಖಂಡಿತ. ಉತ್ತರದಿಂದ ಶೀತದ ಅಲೆ ಬಂದಿಳಿಯುವ ದಿನ ವಾಯವ್ಯದಿಂದ ಗಾಳಿ ಬೀಸುತ್ತದೆ. ಅದರ ಬೆನ್ನಿಗೇ ಅಧಿಕ ಒತ್ತಡದ ವಲಯ ಬಂದು ಕೂರುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಬೆಳಿಗ್ಗೆ ಮೈನಸ್ 28, ಆಕಾಶ ತಿಳಿ, ಮನೆಗಳ ಹೊಗೆ ನೆಟ್ಟಗೆ ಮೇಲಕ್ಕೆ. ಚಳಿಯೆಲ್ಲ ನಿಮಗೆ, ಗಾಳಿ ಯಾರಿಗೂ ಇಲ್ಲ. ಹಾಗಾಗಿ ಅಲೆ ಇಳಿಯುವ ಮೊದಲ ದಿನವನ್ನೇ ಹಿಡಿಯುತ್ತೇನೆ. ಆ ದಿನ ಸಾಮಾನ್ಯವಾಗಿ ಮೈನಸ್ 10ರಿಂದ 15, ಗಾಳಿ ಗಂಟೆಗೆ 20ರಿಂದ 30 ಕಿಲೋಮೀಟರ್. ಹೊತ್ತು ಹನ್ನೊಂದರಿಂದ ಮೂರರವರೆಗೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲೇ ಒಂಬತ್ತು ಗಂಟೆ ತುಂಬುವುದಿಲ್ಲ, ಬಿಸಿಲಿಲ್ಲದ ಹೊತ್ತಿನಲ್ಲಿ ಹಿಮದ ಏರುತಗ್ಗೂ ಕಣ್ಣಿಗೆ ಕಾಣುವುದಿಲ್ಲ.

ಹೊಸಬರು ನಂಬದ ಮಾತೊಂದಿದೆ: ಮೈನಸ್ 2ಕ್ಕಿಂತ ಮೈನಸ್ 12 ಸುಖ. ಸೊನ್ನೆಯ ಹತ್ತಿರ ಹಿಮ ಅಂಟುತ್ತದೆ. ದಾರಕ್ಕೆ, ಸೂತ್ರಕ್ಕೆ, ಕೈಗವಸಿಗೆ ಮೆತ್ತಿಕೊಂಡು ಕರಗಿ ಒದ್ದೆ ಮಾಡುತ್ತದೆ. ಮೈನಸ್ 12ರ ಹಿಮ ಒಣ ರವೆ, ಕೊಡವಿದರೆ ಉದುರುತ್ತದೆ. ಕೈ ಕೊಡುವುದು ಚಳಿಗಿಂತ ಹೆಚ್ಚಾಗಿ ತೇವ.

ಮನೆಯಲ್ಲೇ ಕೂತು ತೀರ್ಮಾನಿಸುವ ಅಂಕಿಗಳು ಎರಡು. ಗಾಳಿ ಸೇರಿದ ಚಳಿ, ಅಂದರೆ ವಿಂಡ್ ಚಿಲ್, ಮೈನಸ್ 30 ದಾಟಿದರೆ ಹೋಗುವುದಿಲ್ಲ. ಗಾಳಿ 35 ದಾಟಿದರೂ ಹೋಗುವುದಿಲ್ಲ. ಮೈನಸ್ 15 ಇದ್ದು 25 ಕಿಲೋಮೀಟರ್ ಗಾಳಿ ಬೀಸಿದರೆ ವಿಂಡ್ ಚಿಲ್ ಸುಮಾರು ಮೈನಸ್ 25. ಅದೇ ಗಾಳಿ ಮೈನಸ್ 20ರಲ್ಲಿ ಬೀಸಿದರೆ ಮೈನಸ್ 32ರ ಹತ್ತಿರ. ಮೈನಸ್ 28 ದಾಟಿತೆಂದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಗಾಳಿಗೆ ಎದುರಾಗಿ ಜಾರುವಾಗ ನಿಮ್ಮ ವೇಗವೂ ಮುಖಕ್ಕೆ ಸೇರುತ್ತದೆ ಎಂಬುದನ್ನು ಹವಾಮಾನ ವರದಿ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಗೆರೆಯನ್ನು ಹಿಂದಿನ ರಾತ್ರಿಯೇ ಎಳೆದಿದ್ದರೆ ಬೆಳಿಗ್ಗೆ ‘ಹೋಗಲೋ ಬೇಡವೋ’ ಎಂದು ಕಿಟಕಿಯಲ್ಲಿ ನಿಂತು ಒದ್ದಾಡುವುದು ತಪ್ಪುತ್ತದೆ. ಹುರುಪಿನ ಅರ್ಧ ಸೋರಿಹೋಗುವುದು ಆ ಕಿಟಕಿಯಲ್ಲೇ.

ಪಟದ ಅಳತೆ ಬೇಸಿಗೆಯ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಕೆಳಗೆ. ತಣ್ಣನೆ ಗಾಳಿ ದಟ್ಟ. 25 ಡಿಗ್ರಿಗೂ ಮೈನಸ್ 15ಕ್ಕೂ ಸಾಂದ್ರತೆಯಲ್ಲಿ ಸುಮಾರು 15 ಪ್ರತಿಶತ ವ್ಯತ್ಯಾಸ, ಎಳೆತವೂ ಅಷ್ಟೇ ಹೆಚ್ಚು. ಬೆಂಗಳೂರಿನ ಎತ್ತರದಲ್ಲಿ, 28 ಡಿಗ್ರಿ ಬಿಸಿಲಲ್ಲಿ ಕಲಿತು ಇಲ್ಲಿಗೆ ಬಂದವರಿಗೆ ವ್ಯತ್ಯಾಸ ಕಾಲುಪಾಲಿನಷ್ಟು. ಅಲ್ಲಿ 9 ಮೀಟರ್ ಹಿಡಿದ ಕೈ ಇಲ್ಲಿ ಅದೇ ಗಾಳಿಗೆ 7ರಿಂದ ಶುರು ಮಾಡಲಿ. ಜಾರುವ ಮಂಜುಗಡ್ಡೆಯ ಮೇಲೆ ಊರಿ ನಿಲ್ಲಲು ಕಾಲಿಗೆ ಏನೂ ಸಿಗುವುದಿಲ್ಲ.

ಮಂಜುಗಡ್ಡೆಯ ವಿಷಯ ಚಿಕ್ಕದಾಗಿ, ಆದರೆ ಮರೆಯದಂತೆ. ನಡೆಯಲು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಕನಿಷ್ಠ ದಪ್ಪ 4 ಇಂಚು, ಅದೂ ಹೊಸದಾದ, ಗಾಜಿನಂಥ ಗಡ್ಡೆ. ಹಾಲುಬಿಳಿ ಬಣ್ಣದ್ದಾದರೆ ಅದರ ಎರಡರಷ್ಟು ಬೇಕು. ನಾನು 8 ಇಂಚು ಕಾಣದೆ ಪಟ ಬಿಚ್ಚುವುದಿಲ್ಲ. ಹಾರೆಯಿಂದ ಕುಟ್ಟುತ್ತ ಹೋಗಿ, 45 ಮೀಟರಿಗೊಮ್ಮೆ ತೂತು ಕೊರೆದು ಅಳೆಯುತ್ತೇನೆ. ಗಡ್ಡೆ ಒತ್ತಿಕೊಂಡು ಎದ್ದ ಏಣುಗಳ ಪಕ್ಕ ಒಮ್ಮೊಮ್ಮೆ ಹೆಪ್ಪುಗಟ್ಟದ ತೆರೆದ ನೀರು ಇರುತ್ತದೆ. ಪಟ ಆ ಕಡೆಗೆ ಎಳೆಯದಂತೆ, ಏಣು ಯಾವಾಗಲೂ ಗಾಳಿ ಬರುವ ಬದಿಗೆ ಇರುವಂತೆ ಜಾಗ ಹಿಡಿಯುತ್ತೇನೆ. ಕೊರಳಲ್ಲಿ ಒಂದು ಜೊತೆ ಐಸ್ ಪಿಕ್, ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲು. ಒಬ್ಬನೇ ಹೋಗುವುದಿಲ್ಲ.

ಇನ್ನು ಆ ಹನ್ನೆರಡು ನಿಮಿಷ. ದಾರವನ್ನು ಪಟದಿಂದ ಬಿಚ್ಚುವುದೇ ಇಲ್ಲ. ಹಾರಾಟ ಮುಗಿದಾಗ ಬಾರ್ ಕಡೆಯಿಂದ ಎಂಟರ ಆಕಾರದಲ್ಲಿ ದಾರ ಸುತ್ತುತ್ತ ಪಟದವರೆಗೆ ನಡೆದು, ಕೊನೆಯ ಒಂದು ಮೀಟರ್ ಬಿಟ್ಟು ರಬ್ಬರ್ ಹಾಕಿ, ಬಾರನ್ನು ಪಟದ ನಡುವಿಗಿಟ್ಟು ಎರಡೂ ರೆಕ್ಕೆ ಮಡಚುತ್ತೇನೆ. ಮುಂದಿನ ಸಲ ಇದನ್ನೇ ಹಿಮ್ಮುಖವಾಗಿ ಮಾಡಿದರಾಯಿತು: ಪಟವನ್ನು ಬೆನ್ನಡಿಯಾಗಿ ಹಾಸಿ, ಹಿಂಬದಿಯ ಅಂಚು ಗಾಳಿ ಬರುವ ಕಡೆಗೆ ಮಾಡಿ, ಅದರ ಮೇಲೆ ಮೂರು ನಾಲ್ಕು ಬೊಗಸೆ ಹಿಮ ಹೇರಿ, ದಾರ ಬಿಚ್ಚುತ್ತ ಗಾಳಿಗೆ ಎದುರಾಗಿ ನಡೆಯುವುದು. ದಾರ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಗಂಟು ಬಿಚ್ಚುವ ಗೋಜಿಲ್ಲ, ಬಾರನ್ನೇ ತಿರುಗಿಸಿದರೆ ಸರಿಹೋಗುತ್ತದೆ. 25 ಮೀಟರ್ ದಾರವನ್ನು 20ಕ್ಕೆ ಇಳಿಸಿದ್ದೂ ಇದಕ್ಕೇ. ನಡೆಯುವುದು ಕಡಿಮೆ, ತೊಡಕೂ ಕಡಿಮೆ.

ಹಿಮವಿಲ್ಲದ ಬರಿ ಗಡ್ಡೆಯಾದರೆ ಪಟದ ಮೇಲೆ ಹೇರಲು ಏನೂ ಇರುವುದಿಲ್ಲ. ಆಗ 13 ಸೆಂಟಿಮೀಟರಿನ ಐಸ್ ಸ್ಕ್ರೂ ಒಂದನ್ನು ಗಡ್ಡೆಗೆ ತಿರುಗಿಸಿ, ಪಟವನ್ನು ನೆಲಕ್ಕಿಳಿಸುವ ಬ್ರೇಕ್ ದಾರವನ್ನು ಅದಕ್ಕೆ ಸಿಕ್ಕಿಸುತ್ತೇನೆ. ಕೈ ಬಿಟ್ಟ ಪಟ ಮಂಜಿನ ಮೇಲೆ ಅರ್ಧ ಮೈಲಿ ಹೋಗುವುದು ನೋಡನೋಡುತ್ತಲೇ ಆಗಿಬಿಡುತ್ತದೆ.

ಜಿಪ್ಪುಗಳಿಗೆಲ್ಲ ಒಂದು ಗೇಣು ಹಗ್ಗದ ಕುಣಿಕೆ: ಚೀಲಕ್ಕೆ, ಜಾಕೆಟ್ಟಿಗೆ, ಎದೆಯ ಜೇಬಿಗೆ. ಎಡಗಡೆಯವಕ್ಕೆ ಕೆಂಪು ಟೇಪು. ಹಾರ್ನೆಸ್ಸನ್ನು ಕಾರಿನ ಪಕ್ಕದಲ್ಲಿ ಹಾಕಿಕೊಳ್ಳುವುದಿಲ್ಲ, ಒಳಗೇ ಬಿಗಿದು ಇಳಿಯುತ್ತೇನೆ. ಸ್ಕೀ ಬೂಟು ಡಿಕ್ಕಿಯಲ್ಲಿ ಇರಬಾರದು. ಎರಡು ಗಂಟೆ ತಣ್ಣಗಾದ ಪ್ಲಾಸ್ಟಿಕ್ ಕಲ್ಲಾಗಿ, ಕಾಲೇ ಒಳಗೆ ಹೋಗುವುದಿಲ್ಲ. ಹಿಂದಿನ ಸೀಟಿನ ಕೆಳಗೆ, ಹೀಟರಿನ ದಾರಿಯಲ್ಲಿ ಇಡುತ್ತೇನೆ. ದಪ್ಪ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಬಾರಿನ ಕುಣಿಕೆಯನ್ನು ಹಾರ್ನೆಸ್ಸಿನ ಕೊಕ್ಕೆಗೆ ಸಿಕ್ಕಿಸಿ ಬಿಡಿಸುವುದನ್ನು ಮನೆಯ ನಡುಮನೆಯಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿ. ಮನೆಯವರು ನಕ್ಕರೆ ನಗಲಿ.

ಅದೇ ಅಭ್ಯಾಸದಲ್ಲಿ, ಅಪಾಯ ಬಂದಾಗ ಪಟದ ಎಳೆತವನ್ನು ಒಮ್ಮೆಗೇ ಬಿಡಿಸುವ ಕ್ವಿಕ್ ರಿಲೀಸನ್ನೂ ಎಳೆದು ನೋಡಬೇಕು, ಅದೂ ಕೈಗವಸಿನಲ್ಲೇ. ಬರಿಗೈಗೆ ಸಲೀಸಾಗಿ ಸಿಕ್ಕುವ ಹಿಡಿ ದಪ್ಪ ಗವಸಿಗೆ ಸಿಕ್ಕುವುದಿಲ್ಲ. ಹೋದ ವಾರದ ನೀರು ಅದರೊಳಗೆ ಕೂತಿದ್ದರೆ ಗಡ್ಡೆಯಾಗಿ ಕಚ್ಚಿಕೊಂಡಿರುತ್ತದೆ. ಸರೋವರದ ಮೇಲೆ, ಪಟ ಏರಿಸುವ ಮೊದಲು, ಇನ್ನೊಮ್ಮೆ ಎಳೆಯುತ್ತೇನೆ. ಬಿಚ್ಚದಿದ್ದರೆ ಬಿಸಿನೀರು ಹೊಯ್ಯಬೇಡಿ, ಎರಡೇ ನಿಮಿಷದಲ್ಲಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಕರಗಿಸಿ, ಬಟ್ಟೆಯಿಂದ ಒರೆಸಿ, ಮತ್ತೆ ಎಳೆದು ನೋಡಿ. ಆಗಲೂ ಬಿಚ್ಚದಿದ್ದರೆ ಅವತ್ತಿಗೆ ಅಷ್ಟೇ, ವಾಪಸು.

ಕೈ. ಬಾರನ್ನು ಬಿಗಿಯಾಗಿ ಹಿಡಿದಷ್ಟೂ ಬೆರಳಿಗೆ ರಕ್ತ ಹೋಗುವುದು ಕಡಿಮೆ. ಜೊತೆಗೆ ಕೈ ತಲೆಯ ಮಟ್ಟಕ್ಕೆ ಎತ್ತಿರುತ್ತದೆ, ರಕ್ತ ಮೇಲೇರಬೇಕು. ಎಳೆತವನ್ನೆಲ್ಲ ಸೊಂಟಕ್ಕೆ ಕೊಡಿ, ಬಾರಿನ ಮೇಲೆ ಎರಡು ಬೆರಳು ಸಾಕು. ಬಾರ್ ಬಹಳ ದೂರ ನಿಂತು ಕೈ ಚಾಚಬೇಕಾಗಿ ಬಂದರೆ ದಾರದ ಉದ್ದ ಹೊಂದಿಸುವ ಪಟ್ಟಿಯನ್ನು, ಅಂದರೆ ಟ್ರಿಮ್, ಎಳೆದು ಹತ್ತಿರಕ್ಕೆ ತಂದುಕೊಳ್ಳಿ. ಹಾರ್ನೆಸ್ ಇಲ್ಲದೆ ನಾಲ್ಕು ದಾರದ ಹಿಡಿಕೆಯಲ್ಲಿ ಹಾರಿಸುವವರು ಹಿಡಿಕೆಯ ಲೋಹಕ್ಕೆ ಫೋಮ್ ಸುತ್ತಲೇಬೇಕು. ಬರಿ ಲೋಹ ಗವಸಿನ ಮೂಲಕವೂ ಬಿಸಿ ಹೀರುತ್ತದೆ.

ನನ್ನ ಕೈಯಲ್ಲಿ ಇರುವುದು ತೆಳ್ಳಗಿನ ಉಣ್ಣೆಯ ಬೆರಳುಗವಸು, ಅದರ ಮೇಲೆ ನಾಲ್ಕೂ ಬೆರಳು ಒಟ್ಟಿಗಿರುವ ಮಿಟ್ಟನ್. ಮಿಟ್ಟನ್ ಮುಂಗೈಗೆ ದಾರದಲ್ಲಿ ಕಟ್ಟಿರುತ್ತದೆ, ತೆಗೆದರೂ ಗಾಳಿಗೆ ಹಾರಿಹೋಗುವುದಿಲ್ಲ. ಬಿಸಿ ಪೊಟ್ಟಣ ಬಳಸುವವರು ಒಂದು ತಿಳಿದಿರಲಿ: ಒಳಗಿರುವುದು ಕಬ್ಬಿಣದ ಪುಡಿ, ಅದು ಬಿಸಿಯಾಗುವುದು ಗಾಳಿ ತಾಕಿದಾಗ. ಒಡೆದ ಕೂಡಲೇ ಬಿಗಿ ಗವಸಿಗೆ ತುರುಕಿದರೆ ಉಸಿರು ಕಟ್ಟಿ ತಣ್ಣಗೇ ಉಳಿಯುತ್ತದೆ. ಹದಿನೈದು ನಿಮಿಷ ಮೊದಲೇ ತೆರೆದು, ಮುಂಗೈಯ ಒಳಬದಿಗೆ, ನಾಡಿ ನೋಡುವ ಜಾಗದಲ್ಲಿ, ಉಣ್ಣೆ ಗವಸಿನ ಮೇಲಿಂದ ಇಡುತ್ತೇನೆ. ಅಂಗೈಯಲ್ಲಿಟ್ಟರೆ ಬಾರ್ ಹಿಡಿಯಲು ಅಡ್ಡ.

ಪರೀಕ್ಷೆ ಸುಲಭ. ಹೆಬ್ಬೆರಳಿಂದ ಕಿರುಬೆರಳ ತುದಿ ಮುಟ್ಟಿ. ತಡವರಿಸಿದರೆ ಪಟ ಇಳಿಸಿ, ಎರಡೂ ತೋಳನ್ನು ಭುಜದಿಂದ ಗಿರಗಿರನೆ ಮೂವತ್ತು ಸಲ ತಿರುಗಿಸಿ. ರಕ್ತ ಬೆರಳ ತುದಿಗೆ ನುಗ್ಗುವುದು ಗೊತ್ತಾಗುತ್ತದೆ, ಸ್ವಲ್ಪ ನೋಯುತ್ತದೆ. ಆಗಲೂ ಮುಟ್ಟಲಾಗದಿದ್ದರೆ ಕಾರಿಗೆ. ಕೆನ್ನೆ, ಮೂಗು ನಿಮಗೆ ಕಾಣುವುದಿಲ್ಲ, ಜೊತೆಗಾರ ನೋಡಬೇಕು. ಮೇಣದಂಥ ಬಿಳಿ ಚುಕ್ಕೆ ಕಂಡರೆ ಉಜ್ಜಬಾರದು, ಬರಿಗೈಯ ಬಿಸುಪು ಕೊಟ್ಟು ಒಳಗೆ ಹೋಗಬೇಕು.

ಉಳಿದ ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಗೆ ತಾಕುವ ಬಟ್ಟೆ ಹತ್ತಿ ಆಗಕೂಡದು, ಬೆವರು ಹಿಡಿದುಕೊಂಡು ತಣ್ಣಗಾಗುತ್ತದೆ. ಬೂಟಿಗೆ ಎರಡು ಜೊತೆ ಸಾಕ್ಸ್ ತುರುಕಬೇಡಿ, ಬಿಗಿಯಾದರೆ ಪಾದಕ್ಕೂ ರಕ್ತ ಹೋಗುವುದಿಲ್ಲ. ಗಾಗಲ್ಸ್ ಹಣೆಯ ಮೇಲೇರಿಸಿದರೆ ಬೆವರಿನ ಆವಿ ಒಳಗಾಜಿಗೆ ಹೆಪ್ಪುಗಟ್ಟಿ ಅವತ್ತಿಡೀ ಮಸುಕು. ಫೋನ್ ಒಳಜೇಬಿನಲ್ಲಿ ಇರಲಿ, ಚಳಿಗೆ ಬ್ಯಾಟರಿ ದಿಢೀರನೆ ಕೈಕೊಡುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಗಡ್ಡೆ ಕಟ್ಟುವುದು ಮೇಲಿಂದ, ಮುಚ್ಚಳದ ಕಡೆ ನೀರೇ ಉಳಿದಿರುತ್ತದೆ.

ಹಾರಾಟದಲ್ಲಿ ಹೆಚ್ಚಾಗಿ ಕೆಡುವುದು ಮೂರು ಕಡೆ. ಪಟ ಬಿದ್ದಾಗ ಕೋಶಗಳೊಳಗೆ ಹಿಮ ಹೊಕ್ಕು ರೆಕ್ಕೆಯ ತುದಿಗೆ ಶೇಖರವಾಗುತ್ತದೆ, ಪಟ ಒಂದೇ ಬದಿಗೆ ವಾಲುತ್ತದೆ. ಬಾರ್ ತಿರುಚಿ ಸರಿಮಾಡಲು ಹೋಗದೆ ಇಳಿಸಿ, ರೆಕ್ಕೆಯ ತುದಿಯ ವೆಲ್ಕ್ರೋ ಬಿಚ್ಚಿ ಸುರಿಯಬೇಕು. ಎರಡನೆಯದು ಹಿಮದಡಿಯ ಕೆಸರುನೀರು. ಹಿಮದ ಭಾರಕ್ಕೆ ಗಡ್ಡೆ ತಗ್ಗಿ ಬಿರುಕಿನಿಂದ ನೀರು ಮೇಲೆ ಬಂದಿರುತ್ತದೆ, ಮೇಲಿಂದ ನೋಡಿದರೆ ಬಿಳಿಯೇ. ದಾರ ಅದರಲ್ಲಿ ಎಳೆದಾಡಿದರೆ ಎಳೆಗಳ ನಡುವೆ ನೀರು ಹೊಕ್ಕು ತಂತಿಯಾಗುತ್ತದೆ. ಮೂರನೆಯದು ಸೂತ್ರದ ಪುಲ್ಲಿ: ಅದೇ ನೀರು ಹೆಪ್ಪುಗಟ್ಟಿ ಅದು ತಿರುಗುವುದಿಲ್ಲ, ಬಾರ್ ತಳ್ಳಿದರೂ ಎಳೆತ ಇಳಿಯುವುದಿಲ್ಲ. ಈ ಮೂರನೆಯದೇ ಅಪಾಯದ್ದು. ಅದಕ್ಕೇ ಅರ್ಧ ಗಂಟೆಗೊಮ್ಮೆ ಬಾರನ್ನು ಪೂರ್ತಿ ದೂರ ಬಿಟ್ಟು ಪಟ ಸಡಿಲವಾಗುತ್ತದೆಯೇ ಎಂದು ನೋಡುತ್ತೇನೆ.

ಸರದಿ ಹೀಗೆ: 25 ನಿಮಿಷ ಹಾರಾಟ, 10 ನಿಮಿಷ ಕಾರು, ಇಂಥ ಮೂರು. ಕೈ ಚೆನ್ನಾಗಿರುವಾಗಲೇ ನಿಲ್ಲಿಸುವುದು ಮುಖ್ಯ. ಮರಗಟ್ಟಿದ ಮೇಲೆ ಒಳಹೋದರೆ ಮತ್ತೆ ಹೊರಬರುವುದಿಲ್ಲ. ಕಾರು ಹತ್ತುವ ಮೊದಲು ಬಟ್ಟೆಯ ಹಿಮವನ್ನೆಲ್ಲ ಬ್ರಷ್‌ನಿಂದ ಕೊಡವಿಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಕರಗಿ ಎರಡನೆಯ ಸರದಿಗೆ ಒದ್ದೆ ಗವಸು. ಹೀಟರ್ ಕಾಲಿಗೆ ಮಾತ್ರ. ಎಂಜಿನ್ ಓಡುತ್ತಿದ್ದರೆ ಹೊಗೆಕೊಳವೆಗೆ ಹಿಮ ಮುಚ್ಚಿಲ್ಲವೇ ಎಂದು ನೋಡಿಕೊಳ್ಳಿ, ಆ ಹೊಗೆ ಒಳಗೆ ಬಂದರೆ ವಿಷ. ಪಟವನ್ನು ನಡುವೆ ಕಾರಿಗೆ ತರಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಸೂತ್ರ ಬಿಡಿಸಲು ಸಂಜೆಯಾಗುತ್ತದೆ.

ಪ್ರತಿ ಸರದಿಗೂ ಒಂದು ಕೆಲಸ ಮೊದಲೇ ಬರೆದಿಟ್ಟುಕೊಂಡಿರುತ್ತೇನೆ. ಎಡಗೈಯಲ್ಲಿ ಮಾತ್ರ ಎಂಟರ ಸುತ್ತು. ಬ್ರೇಕ್ ದಾರದಿಂದ ಹತ್ತು ಸಲ ಇಳಿಸಿ ಹತ್ತು ಸಲ ಏರಿಸುವುದು. ನೆತ್ತಿಯ ಮೇಲೆ ಪಟವನ್ನು ಒಂದು ನಿಮಿಷ ಅಲುಗದಂತೆ ನಿಲ್ಲಿಸುವುದು. ಚಳಿಯಲ್ಲಿ ಜಿಗಿತ, ಹೊಸ ವಿದ್ಯೆ ಬೇಡ. ಗೊತ್ತಿರುವುದನ್ನೇ ಹದಗೊಳಿಸುವ ಕಾಲ ಅದು, ಮಾರ್ಚ್ ಬಂದಾಗ ಫಲ ಗೊತ್ತಾಗುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಉಷ್ಣಾಂಶ, ಗಾಳಿ, ಪಟದ ಅಳತೆ, ಯಾವ ಗವಸು, ಕೈ ಎಷ್ಟನೆಯ ನಿಮಿಷಕ್ಕೆ ಮಂದವಾಯಿತು. ಹತ್ತು ಸಾಲು ತುಂಬಿದರೆ ನಿಮ್ಮ ಕೈಯ ಲೆಕ್ಕ ನಿಮಗೆ ಸಿಕ್ಕಿಬಿಡುತ್ತದೆ, ಬೇರೆಯವರ ಅಂಕಿ ಬೇಕಾಗುವುದಿಲ್ಲ.

ಮನೆಗೆ ಬಂದ ರಾತ್ರಿಯೇ ಪಟ ಬಿಚ್ಚಬೇಕು, ಎಷ್ಟೇ ಸುಸ್ತಾಗಿರಲಿ. ನೆಲಮಾಳಿಗೆಯಲ್ಲಿ ಬಟ್ಟೆ ಒಣಹಾಕುವ ಎರಡು ಹಗ್ಗದ ಮೇಲೆ ಪಟವನ್ನು ಕೋಶದ ಬಾಯಿ ಕೆಳಗಾಗಿ ಇಳಿಬಿಡುತ್ತೇನೆ; ಬಾರ್ ಒಂದು ಮೊಳೆಗೆ, ಕ್ವಿಕ್ ರಿಲೀಸ್ ತೆರೆದ ಸ್ಥಿತಿಯಲ್ಲೇ. ಬೂಟಿನ ಒಳಪದರ ಹೊರಗೆ ತೆಗೆದು ಬೇರೆ. ಹೀಟರಿಗೆ ಹತ್ತಿರ ಯಾವುದೂ ಬೇಡ, ನೈಲಾನ್ ಕೆಡುತ್ತದೆ. ಎರಡು ದಿನಕ್ಕೆ ಎಲ್ಲ ಒಣಗಿರುತ್ತದೆ. ಮಡಚಿದ ಚೀಲ ಬಾಗಿಲ ಪಕ್ಕ, ಅದರ ಮೇಲೆ ಹೆಲ್ಮೆಟ್, ಹೆಲ್ಮೆಟ್ಟಿನೊಳಗೆ ಎರಡು ಜೊತೆ ಗವಸು ಮತ್ತು ಒಡೆಯದ ನಾಲ್ಕು ಬಿಸಿ ಪೊಟ್ಟಣ.