ಙ ಅಕ್ಷರದ ಮಗಳಿಗೆ ಹೆಸರು ಹುಡುಕಿದ್ದು

ಮಗಳು ಹುಟ್ಟಿದ್ದು ಆರಿದ್ರಾ ನಕ್ಷತ್ರ, ಮೂರನೇ ಪಾದ. ಭಟ್ಟರು ಪಂಚಾಂಗ ನೋಡಿ ಫೋನಿನಲ್ಲೇ ಅಕ್ಷರ ಹೇಳಿದರು: ಙ. ನನಗೆ ಸರಿಯಾಗಿ ಕೇಳಿಸಿಲ್ಲ ಅಂದುಕೊಂಡು "ಜ್ಞ ಅಂದ್ರಾ?" ಎಂದೆ. "ಅಲ್ಲ, ಕ ಖ ಗ ಘ ಆದ್ಮೇಲೆ ಬರ್ತದಲ್ಲ, ಅದು" ಅಂದರು. ಮಗ್ಗಿಯ ಹಾಗೆ ವರ್ಣಮಾಲೆ ಒಪ್ಪಿಸುವಾಗ ಬಿಟ್ಟರೆ ಆ ಅಕ್ಷರವನ್ನು ನಾನು ಬಾಯಿ ಬಿಟ್ಟು ಹೇಳಿದ್ದೇ ಇಲ್ಲ. ಅದರಿಂದ ಶುರುವಾಗುವ ಹೆಸರು ಎಲ್ಲಿಂದ ತರೋದು?

ಈ ಲೆಕ್ಕ ಹೀಗಿದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ಒಂದು ಪಾದ ಅಂದರೆ ಸುಮಾರು 6 ಗಂಟೆ. ಪ್ರತಿ ಪಾದಕ್ಕೂ ಒಂದು ಅಕ್ಷರ ಗೊತ್ತುಮಾಡಿದ್ದಾರೆ. ಅಶ್ವಿನಿಗೆ ಚು ಚೆ ಚೋ ಲ, ಅನುರಾಧಾಕ್ಕೆ ನ ನಿ ನು ನೆ, ಆರಿದ್ರೆಗೆ ಕು ಘ ಙ ಛ. ಹಸ್ತದ ಮೂರನೇ ಪಾದಕ್ಕೆ ಣ, ಉತ್ತರಾಭಾದ್ರದ ನಾಲ್ಕನೆಯದಕ್ಕೆ ಞ. ಅಂದರೆ ನಮ್ಮಂಥ ಕಷ್ಟದವರು ಇನ್ನೂ ಇದ್ದಾರೆ ಅಂತ ಸಮಾಧಾನ ಆಯಿತು.

ದಾರಿ ತೋರಿಸಿದ್ದೂ ಭಟ್ಟರೇ. ಅದೇ ನಕ್ಷತ್ರದ ‘ಕು’ ತಗೊಳ್ಳಿ, ಇಲ್ಲವೇ ಮಿಥುನ ರಾಶಿಯಲ್ಲೇ ಬರುವ ಕಾ, ಕಿ, ಕೆ, ಕೋ, ಹ ಇವುಗಳಲ್ಲಿ ಒಂದನ್ನು ತಗೊಳ್ಳಿ ಅಂದರು. ಅದಲ್ಲದೆ ನಾಮಕರಣದಲ್ಲಿ ಮಗುವಿಗೆ ಇಡುವುದು ಒಂದೇ ಹೆಸರಲ್ಲ. ದೇವರ ಹೆಸರೊಂದು, ತಿಂಗಳಿನ ಹೆಸರೊಂದು, ನಕ್ಷತ್ರದ ಹೆಸರೊಂದು, ಆಮೇಲೆ ಕರೆಯುವ ಹೆಸರು. ನಕ್ಷತ್ರದ ಹೆಸರು ಪೂಜೆಗೆ, ಸಂಕಲ್ಪಕ್ಕೆ ಸಾಕು. ಕರೆಯುವುದಕ್ಕೆ ನಿಮ್ಮ ಇಷ್ಟ. ಈ ಒಂದು ಮಾತು ಕೇಳಿದ ಮೇಲೆ ಅರ್ಧ ಭಾರ ಇಳಿಯಿತು. ನಕ್ಷತ್ರಕ್ಕೆ ಕುಮುದಾ ಅಂತ ಅವತ್ತೇ ಗೊತ್ತುಮಾಡಿದೆವು. ಕುಮುದ ಅಂದರೆ ಬಿಳಿ ನೈದಿಲೆ.

ಇನ್ನು ಕರೆಯುವ ಹೆಸರು. ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಗಂಡನ ಮನೆ ಕಾರವಾರ, ಅಲ್ಲಿ ಕೊಂಕಣಿ. ಎರಡೂ ಕಡೆಯ ಹಳೇ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬಾಣಂತಿಗೆ ಬೇರೆ ಕೆಲಸ ಏನಿರ್ತದೆ! ನಮ್ಮ ಕಡೆ ಅಜ್ಜಂದಿರೆಲ್ಲ ಮಹಾಬಲೇಶ್ವರ, ಗಣಪತಿ, ವೆಂಕಟರಮಣ, ಮಧುಕೇಶ್ವರ. ಗೋಕರ್ಣ, ಇಡಗುಂಜಿ, ಮಂಜುಗುಣಿ, ಬನವಾಸಿ ಅಷ್ಟೂ ದೇವಸ್ಥಾನ ಅಲ್ಲಿದ್ದವು. ಕಾರವಾರದ ಕಡೆ ಮಂಗೇಶ, ನಾಗೇಶ, ರಾಮನಾಥ, ದಾಮೋದರ, ಶಾಂತಾ. ಇವೆಲ್ಲ ಗೋವೆಯ ದೇವರುಗಳು. ಮನೆತನ ಗೋವೆ ಬಿಟ್ಟು ಬಂದು ಎಷ್ಟೋ ತಲೆಮಾರಾದರೂ ಕುಲದೇವರು ಹೆಸರಿನಲ್ಲಿ ಉಳಿದುಕೊಂಡಿದ್ದಾನೆ. ಕೆಲವು ಹೆಸರುಗಳ ಮುಂದೆ ಮಾತ್ರ ಅಪ್ಪಿ, ಬಾಬು, ಪುಟ್ಟ ಅಂತ ಇನ್ನೊಂದು ಹೆಸರು ಬರೆಯಬೇಕಾಯಿತು. ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಿದ್ದರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಪಾಪ, ಮಗನನ್ನು ಕರೆಯುವುದು ಹೇಗೆ? ಹಾಗೆ ಹುಟ್ಟಿದ ಅಪ್ಪಿ, ಬಾಬು ಮುದುಕರಾದರೂ ಅಪ್ಪಿ, ಬಾಬುಗಳೇ.

ಆಮೇಲೆ ಎಲ್ಲರ ಹಾಗೆ ನಾನೂ ಮೊಬೈಲ್ ಹಿಡಿದು ಕೂತೆ. ಮಕ್ಕಳ ಹೆಸರಿನ ಪಟ್ಟಿಗಳಿಗೇನೂ ಬರ ಇಲ್ಲ. ಆದರೆ ಅವುಗಳಲ್ಲಿ ಕೊಟ್ಟಿರುವ ಅರ್ಥ ನಂಬಬೇಡಿ. ಒಂದು ಪಟ್ಟಿಯಲ್ಲಿ ಆರವ್ ಅಂದರೆ ‘ಶಾಂತ’ ಅಂತಿತ್ತು. ಹಕ್ಕಿಗಳ ಕಲರವ ಗೊತ್ತಿದ್ದವರಿಗೆ ತಕ್ಷಣ ಅನುಮಾನ ಬರಬೇಕು. ರವ ಅಂದರೆ ಸದ್ದು, ಆರವ ಅಂದರೂ ಸದ್ದು, ಕೂಗು. ಸದ್ದಿಲ್ಲದ್ದು ನೀರವ. ರಾತ್ರಿಯಿಡೀ ಅಳುವ ಮಗುವಿಗೆ ಆರವ್ ತುಂಬಾ ಸರಿಯಾದ ಹೆಸರು, ಆ ಮಾತು ಬೇರೆ! ಸಾನ್ವಿ ಅಂದರೆ ಲಕ್ಷ್ಮಿ ಅಂತ ಎಲ್ಲಾ ಕಡೆ ಇದೆ. ಸಂಸ್ಕೃತ ನಿಘಂಟಿನಲ್ಲಿ ನನಗೆ ಸಿಕ್ಕಿದ್ದು ತನ್ವಿ, ಅಂದರೆ ತೆಳ್ಳನೆಯ ಮೈಯವಳು. ಸಾನ್ವಿ ಇರಲಿಲ್ಲ. ಕೇಳಲು ಚೆಂದ ಇದೆ ಅಂತ ಇಟ್ಟರೆ ನನ್ನ ತಕರಾರಿಲ್ಲ. ಅರ್ಥಕ್ಕೆ ಅಂತ ಇಡುವವರು ಮಾತ್ರ ಒಮ್ಮೆ ನೋಡಿಕೊಳ್ಳಲಿ.

ನಾನು ನೋಡುತ್ತಿದ್ದದ್ದು ಎರಡು ಕಡೆ. ಸಂಸ್ಕೃತದ ಹೆಸರಿಗೆ ಮೋನಿಯರ್ ವಿಲಿಯಮ್ಸ್ ನಿಘಂಟು, ಕನ್ನಡದ್ದಕ್ಕೆ 1894ರ ಕಿಟ್ಟೆಲ್. ಎರಡೂ ಫೋನಿನಲ್ಲೇ ಸಿಗುತ್ತವೆ. ಕನ್ನಡದ ಹೆಸರುಗಳಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇಂಚರ. ಇನಿದು ಮತ್ತು ಸರ ಸೇರಿ ಇಂಚರ, ಇಂಪಾದ ಸ್ವರ. ಅಕ್ಕನ ಮಗಳು ಆಗಲೇ ಇಂಚರ ಆಗಿದ್ದರಿಂದ ಬಿಡಬೇಕಾಯಿತು. ಸಿರಿ ಅಂತಲೂ ಯೋಚಿಸಿದೆವು. ಗಂಡನ ಐಫೋನ್ ಮೇಜಿನ ಮೇಲಿಂದಲೇ ಉತ್ತರ ಕೊಟ್ಟಿತು. ಅದೂ ಬೇಡವಾಯಿತು.

ಕೇತಕಿಗೆ ಇನ್ನೇನು ಒಪ್ಪಿಬಿಟ್ಟಿದ್ದೆವು. ಕೇದಗೆ ಹೂವಿನ ಸಂಸ್ಕೃತ ಹೆಸರು. ಮರಾಠಿ, ಕೊಂಕಣಿಯವರಿಗೂ ಗೊತ್ತಿರುವ ಹೆಸರು. ರಾಶಿಯ ‘ಕೆ’ಗೂ ಹೊಂದುತ್ತಿತ್ತು. ಕೇದಗೆ ನಮ್ಮ ಕರಾವಳಿಯಲ್ಲಿ ಹೊಳೆಯ ಅಂಚಿಗೆಲ್ಲ ಬೆಳೆಯುತ್ತದೆ. ಅಪ್ಪ ಮಾತ್ರ ಮುಖ ಗಂಟು ಹಾಕಿದರು. ಶಿವಲಿಂಗದ ತುದಿ ನೋಡಿದೆ ಅಂತ ಬ್ರಹ್ಮ ಸುಳ್ಳು ಹೇಳಿದಾಗ ಸಾಕ್ಷಿ ಹೇಳಿದ್ದು ಕೇತಕಿ. ಅದಕ್ಕೇ ಶಿವಪೂಜೆಗೆ ಆ ಹೂವಿಲ್ಲ. ಗೋಕರ್ಣಕ್ಕೆ ನಡೆದುಕೊಳ್ಳುವ ಮನೆಯಲ್ಲಿ ಸುಳ್ಳು ಸಾಕ್ಷಿಯ ಹೆಸರಾ ಅಂತ ಅವರ ವಾದ. ಆ ಕಥೆಗೆ ನಾನು ಹೆದರಲಿಲ್ಲ. ಆದರೆ ನಾದಿನಿ ಒಂದೇ ಮಾತು ಕೇಳಿದಳು, "ಪ್ರೀತಿಯಿಂದ ಹೇಗೆ ಕರೀತೀರಿ, ಕೇತು ಅಂತಾನಾ?" ರಾಹು ಎಲ್ಲಿ ಅಂತ ಕೇಳುವವರು ಊರಲ್ಲಿ ಕಮ್ಮಿ ಇಲ್ಲ. ಕೇತಕಿ ಅಲ್ಲಿಗೇ ಮುಗಿಯಿತು.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಹೆಸರು ಮನಸ್ಸಿಗೆ ಬಂದ ಕೂಡಲೇ ಅಂಗಳಕ್ಕೆ ಹೋಗಿ ತೋಟದ ಕಡೆ ಮುಖ ಮಾಡಿ ಕೂಗುವುದು. ಆಮೇಲೆ ಅಮ್ಮಮ್ಮನ ಹತ್ತಿರ ಹೇಳಿಸುವುದು. ಹಲ್ಲಿಲ್ಲದ ಬಾಯಲ್ಲಿ ಅದು ಏನಾಗುತ್ತದೆ ಅಂತ ನೋಡಬೇಕು. ಶಾಲ್ಮಲಾ ಅಂದಾಗ, "ಯಂಗೆ ಕರೆಯಲೆ ಬತ್ತಿಲ್ಲೆ" ಅಂದುಬಿಟ್ಟಳು. ಸಹಸ್ರಲಿಂಗದ ಹೊಳೆಯ ಹೆಸರು, ನನಗೆ ಬಹಳ ಆಸೆ ಇತ್ತು. ಹೊಳೆಯ ಹೆಸರೇ ಇರಲಿ ಅಂತ ಹಟ ಹಿಡಿದು ಮುಂದಕ್ಕೆ ಹುಡುಕಿದೆ. ಅಘನಾಶಿನಿ ಅಂದರೆ ಪಾಪ ಕಳೆಯುವವಳು. ಅರ್ಥ ದೊಡ್ಡದು, ಹಾಜರಿ ಕರೆಯುವ ಟೀಚರ್ ಗತಿ ಏನು? ಕೊನೆಗೆ ನಿಂತದ್ದು ವರದಾ. ಬನವಾಸಿಯನ್ನು ಬಳಸಿಕೊಂಡು ಹರಿಯುವ ಹೊಳೆ, ಮುಂದೆ ತುಂಗಭದ್ರೆ ಸೇರುತ್ತದೆ. ವರ ಕೊಡುವವಳು ಅಂತ ಅರ್ಥ. ಅಮ್ಮಮ್ಮನ ಬಾಯಲ್ಲೂ ವರದಾ ವರದಾನೇ.

ನೆಂಟರೊಬ್ಬರು ಶಾಸ್ತ್ರ ತೆಗೆದರು. ನಕ್ಷತ್ರ, ಮರ, ನದಿಯ ಹೆಸರಿನ ಹುಡುಗಿಯನ್ನು ಮದುವೆಯಾಗಬಾರದು ಅಂತ ಮನುಸ್ಮೃತಿಯಲ್ಲಿ ಇದೆಯಂತೆ. ನೋಡಿದೆ, ಮೂರನೇ ಅಧ್ಯಾಯದಲ್ಲಿ ನಿಜವಾಗಿಯೂ ಇದೆ. ಹಾಗಾದರೆ ನಮ್ಮೂರ ರೋಹಿಣಿ, ರೇವತಿ, ಗಂಗಾ, ಕಾವೇರಿ ಯಾರ ಮದುವೆಯೂ ಆಗಬಾರದಿತ್ತು. ಅದೇ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಹೇಳಲು ಸುಲಭ ಇರಬೇಕು, ಅರ್ಥ ಸ್ಪಷ್ಟ ಇರಬೇಕು, ದೀರ್ಘದಲ್ಲಿ ಮುಗಿಯಬೇಕು ಅಂತಲೂ ಇದೆ. ಹೆಣ್ಣಿನ ಹೆಸರಿಗೆ ಬೆಸ ಅಕ್ಷರ ಇರಲಿ ಅನ್ನುತ್ತದೆ ಆಶ್ವಲಾಯನ ಗೃಹ್ಯಸೂತ್ರ. ವರದಾ, ಮೂರಕ್ಷರ, ಕೊನೆಗೆ ದೀರ್ಘ. ನೆಂಟರು ಚಹಾ ಕುಡಿದು ಹೋದರು.

ನಾಮಕರಣ ಎರಡೂ ರೀತಿಯಲ್ಲಿ ಆಯಿತು. ಶಿರಸಿಯಲ್ಲಿ ಗಂಡ ಹಿತ್ತಾಳೆ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಬರೆದರು. ವ ಮತ್ತು ರ ಚೆನ್ನಾಗಿ ಬಂದವು. ದಾ ಬರೆಯಲು ಜಾಗ ಸಾಲದೆ ಭಟ್ಟರು ಅಕ್ಕಿ ಸರಿಸಿ ಕೊಟ್ಟರು. ಕಾರವಾರದಲ್ಲಿ ತೊಟ್ಟಿಲು ಕಟ್ಟಿ, ನಾದಿನಿ ಕಿವಿಯಲ್ಲಿ ಹೆಸರು ಹೇಳಿದಳು.

ನಗರಸಭೆಯ ಕೆಲಸಕ್ಕೆ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಅವಸರ ಬೇಡ ಅಂದರೂ ಸ್ಪೆಲಿಂಗ್ ಬಗ್ಗೆ ಮಾತ್ರ ಮೊದಲೇ ಕೂತು ತೀರ್ಮಾನ ಮಾಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಲೈಸೆನ್ಸ್‌ವರೆಗೆ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮಗೆ ಇದ್ದ ತೊಡಕು ಏನಂದರೆ, ಕಾರವಾರದ ಕಡೆ ವರದ್ ಅಂತ ಹುಡುಗರಿಗೆ ಹೆಸರಿಡುತ್ತಾರೆ, ಗಣಪತಿಯ ಹೆಸರು. ಇಂಗ್ಲಿಷಿನಲ್ಲಿ ಕೊನೆಗೆ ಒಂದೇ ‘ಎ’ ಇದ್ದರೆ ವರದನೋ ವರದಾಳೋ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ‘ಎ’ ಹಾಕಿಸಿದೆವು. ಅದನ್ನು ನೋಡಿದವರೆಲ್ಲ ಯಾವ ಸಂಖ್ಯಾಶಾಸ್ತ್ರದವರ ಹತ್ತಿರ ಹೋಗಿದ್ರಿ, ಎಷ್ಟು ತಗೊಂಡ್ರು ಅಂತ ಕೇಳುತ್ತಾರೆ.